‘ಅಮ್ಮ, ತಪ್ಪು ನಂದಾ, ಪ್ರಶ್ನೆದಾ?’

ಪ್ರವೇಶ ಪರೀಕ್ಷೆಯ ತಯಾರಿಗೆ ಅಂತ ಕೊಂಡ ಆ್ಯಪ್‌ನ ಟೆಸ್ಟ್ ಬರೆಯುತ್ತಾ ಮಂಗಳವಾರ ಸಂಜೆ ಮಗಳು ಹೀಗೆ ಕೇಳಿದಾಗ ನಾನು ಬ್ಲೌಸಿಗೆ ಹುಕ್ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ. ‘ದುಡ್ಡು ಕಟ್ಟಿ ತಗೊಂಡಿರೋದು, ಅದರಲ್ಲಿ ಹೇಗೆ ತಪ್ಪಿರುತ್ತೆ? ಸರಿಯಾಗಿ ಓದು’ ಅಂದುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ.

ಮಳೆಗೆ ಮೂರು ದಿನದಿಂದ ಶಾಲೆಗೆ ರಜೆ. ಮಾದಾಪುರದ ಈಚೆಗಿರುವ ನಮ್ಮ ಮನೆಯಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ರಸ್ತೆ ತಿರುವಿನ ಬಸ್ ತಂಗುದಾಣದವರೆಗೆ ಕೊಡೆ ಹಿಡಿದು ನಡೆದು, ಅಲ್ಲಿ ಟೆಸ್ಟ್ ಇಳಿಸಿಕೊಂಡು ಬಂದು, ಒಲೆಯ ಪಕ್ಕ ಕೂತು ಬರೆಯುತ್ತಿದ್ದಳು. ಅಷ್ಟು ಕಷ್ಟಪಟ್ಟ ಮಗುವಿಗೆ ನಾನು ಹೇಳಿದ್ದು ‘ಸರಿಯಾಗಿ ಓದು’.

ರಾತ್ರಿ ಅವಳು ಮಲಗಿದ ಮೇಲೆ ಆ ಪ್ರಶ್ನೆ ನೋಡಿದೆ. ‘2,000 ರೂಪಾಯಿಗೆ ವರ್ಷಕ್ಕೆ ಶೇ 5ರಂತೆ 3 ವರ್ಷಗಳ ಸರಳ ಆಸಕ್ತಿ ಎಷ್ಟು?’ ಮೂರು ಸಲ ಓದಿದ ಮೇಲೆ ಹೊಳೆಯಿತು. ಅದು ಬಡ್ಡಿ! ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಇಂಟರೆಸ್ಟ್. ಯಾವುದೋ ಯಂತ್ರ ಅದನ್ನು ಆಸಕ್ತಿ ಮಾಡಿದೆ, ಒಬ್ಬ ಮನುಷ್ಯನೂ ಅದನ್ನು ಓದಿ ನೋಡಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಬರೀ ಬಾಯಲ್ಲಿ ಕೇಳಿದೆ, ‘ಎರಡು ಸಾವಿರಕ್ಕೆ ಐದು ಪರ್ಸೆಂಟಲ್ಲಿ ಮೂರು ವರ್ಷಕ್ಕೆ ಬಡ್ಡಿ ಎಷ್ಟು?’ ‘ಮುನ್ನೂರು’ ಅಂದಳು, ಪೆನ್ಸಿಲ್ ಹುಡುಕಲೇ ಇಲ್ಲ. ನನ್ನ ಸಂಘದ ಪುಸ್ತಕದಲ್ಲಿ ವಾರವಾರ ಬಡ್ಡಿ ಬರೆಯುವವಳೇ ಅವಳು.

ಈ ಆ್ಯಪ್ ಹೇಳಿದ್ದು ಮೈಸೂರಿನಲ್ಲಿರುವ ನನ್ನ ಓರಗಿತ್ತಿ. ಅಕ್ಕ ಕೆಟ್ಟವರಲ್ಲ, ಆದರೆ ಅವರ ಮಗ ಇಂಗ್ಲಿಷ್ ಮೀಡಿಯಂ. ಅವನಿಗೆ ಒಳ್ಳೆಯದಾದದ್ದೆಲ್ಲ ನಮಗೂ ಒಳ್ಳೆಯದು ಅಂತ ಅವರ ನಂಬಿಕೆ. ಆ್ಯಪ್‌ನವರ ಕಡೆಯಿಂದ ಫೋನ್ ಮಾಡಿದ ಹುಡುಗ ‘ಇವತ್ತು ರಾತ್ರಿ ಹನ್ನೆರಡರೊಳಗೆ ಕಟ್ಟಿದರೆ ಅರ್ಧ ಬೆಲೆ ಮೇಡಂ’ ಅಂದ. ‘ಕನ್ನಡದಲ್ಲಿ ಇದೆಯಾ?’ ಅಂತ ನಾನು ಕೇಳಿದೆ, ‘ಎಲ್ಲಾ ಭಾಷೆಯಲ್ಲೂ ಇದೆ’ ಅಂದ. ಒಂದು ಪ್ರಶ್ನೆಪತ್ರಿಕೆ ತೋರಿಸು ಅಂತ ಕೇಳಬೇಕಿತ್ತು. ಎರಡು ತಿಂಗಳ ಹೊಲಿಗೆಯಲ್ಲಿ ಉಳಿಸಿದ ದುಡ್ಡು ಅದು.

ನವೋದಯ ಶಾಲೆಯ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಗಾಳಿಬೀಡಿನ ನವೋದಯದಲ್ಲಿ ಈ ವರ್ಷ ಸೀಟು ಸಿಗದಿದ್ದರೆ ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ. ಕೂಡಿಗೆಯ ಸೈನಿಕ ಶಾಲೆಗೆ ಈಗ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ, ಅದು ಅವಳ ಅಪ್ಪನ ಆಸೆ. ಅದಕ್ಕೇ ನಾನು ಹೆದರಿ ದುಡ್ಡು ಕಟ್ಟಿದ್ದು.

ಬುಧವಾರ ಟೀಚರ್‌ಗೆ ಫೋನ್ ಮಾಡಿದೆ. ಆ ಟೀಚರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ರಜೆಯ ದಿನವೂ ಅರ್ಧ ಗಂಟೆ ಮಾತಾಡಿದರು. ನವೋದಯದ್ದು ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬರೀ ಚಿತ್ರಗಳದ್ದು, ಉಳಿದದ್ದು ಗಣಿತ 20, ಭಾಷೆ 20. ಸೈನಿಕ ಶಾಲೆಯದ್ದು 125 ಪ್ರಶ್ನೆ, 300 ಅಂಕ, ಆ ಅಂಕಗಳಲ್ಲಿ ಅರ್ಧ ಗಣಿತದ್ದೇ. ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಕಳೆಯುವುದಿಲ್ಲವೇ? ಆ್ಯಪ್‌ನಲ್ಲಿ ಕಳೆಯುತ್ತಿತ್ತು. ತಪ್ಪಾದಾಗೆಲ್ಲ ಕೆಂಪು ಗುರುತು, ಅಂಕ ಕಡಿತ. ಅದಕ್ಕೇ ನನ್ನ ಮಗಳು ಕಳೆದ ಟೆಸ್ಟಿನಲ್ಲಿ ಹನ್ನೊಂದು ಪ್ರಶ್ನೆ ಖಾಲಿ ಬಿಟ್ಟಿದ್ದಳು. ಗೊತ್ತಿಲ್ಲದ್ದಕ್ಕೂ ಯೋಚಿಸಿ ಒಂದು ಉತ್ತರ ಗುರುತಿಸಿ ಬರಬೇಕಾದ ಪರೀಕ್ಷೆಗೆ ನಾವು ಅವಳಿಗೆ ಬಿಟ್ಟು ಬರುವುದನ್ನು ಕಲಿಸುತ್ತಿದ್ದೆವು. ಅಲ್ಲಿ ಪೆನ್ನಿನಲ್ಲಿ ವೃತ್ತ ತುಂಬಬೇಕು, ತುಂಬಿದ ಮೇಲೆ ಬದಲಾಯಿಸಲಾಗದು. ಇಲ್ಲಿ ಬೆರಳಲ್ಲಿ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಕನ್ನಡಿಯ ಬಿಂಬ ಗುರುತಿಸುವ ಚಿತ್ರಗಳಂತೂ ನನ್ನ ಫೋನಿನಲ್ಲಿ ಉಗುರಿನಷ್ಟು ಕಾಣುತ್ತವೆ.

ಇದೆಲ್ಲ ಸರಿಮಾಡಬಹುದು. ನನ್ನನ್ನು ಬಿಡದೆ ಕಾಡುವುದು ಆ ಮಂಗಳವಾರದ ಮಾತು. ಬ್ಯಾಂಕಿನಲ್ಲಿ ಅರ್ಥವಾಗದ ಕನ್ನಡದ ಫಾರಂ ಕೊಟ್ಟಾಗ ನಾನೂ ಹೀಗೇ ‘ನನಗೆ ಓದು ಸಾಲದು’ ಅಂದುಕೊಂಡು, ಹೇಳಿದ ಕಡೆ ಸಹಿ ಹಾಕಿ ಬಂದವಳು. ಫಾರಂ ಬರೆದವರಿಗೇ ಕನ್ನಡ ಸಾಲದಿರಬಹುದು ಅಂತ ಒಮ್ಮೆಯೂ ತೋಚಲಿಲ್ಲ. ಹತ್ತು ವರ್ಷದ ನನ್ನ ಮಗಳಿಗೆ ತೋಚಿತ್ತು. ಪ್ರಶ್ನೆಯೇ ತಪ್ಪಿರಬಹುದು ಅಂತ ಅವಳು ಬಾಯಿಬಿಟ್ಟು ಕೇಳಿದ್ದಳು. ಆ ಬಾಯಿ ಮುಚ್ಚಿಸಿದವಳು ನಾನು.

ಗುರುವಾರ ಅವಳನ್ನು ಪಕ್ಕ ಕೂರಿಸಿಕೊಂಡು ‘ತಪ್ಪು ಪ್ರಶ್ನೆದೇ ಆಗಿತ್ತು ಮಗಾ, ಆಮೇಲೆ ನಂದು’ ಅಂದೆ. ಅವಳು ಏನೂ ಹೇಳದೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ತಾನು ಖಾಲಿ ಬಿಟ್ಟಿದ್ದ ಇನ್ನೂ ಎರಡು ಪ್ರಶ್ನೆ ತೋರಿಸಿದಳು. ಎರಡರ ಕನ್ನಡವೂ ಹಾಗೇ ಇತ್ತು.

ಈಗ ಟೀಚರ್ ಹೇಳಿದ ಇನ್ನೆರಡು ಕಡೆಯ ಉಚಿತ ಪ್ರಶ್ನೆಪತ್ರಿಕೆಗಳನ್ನು ಇಳಿಸಿಕೊಂಡಿದ್ದೇವೆ. ನಾನು ಬೆಲೆ ನೋಡಿಲ್ಲ. ಮೊದಲು ಅವಳು ಓದುತ್ತಾಳೆ. ನಿನ್ನೆ ತಂಗುದಾಣದ ಕಲ್ಲುಬೆಂಚಿನ ಮೇಲೆ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಎರಡನೆಯದರ ಗಣಿತದ ಭಾಗಕ್ಕೆ ಬಂದವಳು ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು.

‘ಅಮ್ಮ, ಇದರಲ್ಲಿ ಬಡ್ಡಿ ಅಂತಲೇ ಇದೆ ನೋಡು.’