ವಾರದ ತರಕಾರಿ ಚೀಲ: ಕಾರ್ತಿಕದಿಂದ ಶಿವರಾತ್ರಿವರೆಗೆ

ಕಾರ್ತಿಕ

ಪಾಂಡವಪುರದ ಕಡೆಯ ಒಂದು ತೋಟದವರ ಜೊತೆ ನಾವು ಕೆಲವು ಮನೆಯವರು ಸೇರಿ ಮಾತಾಡಿಕೊಂಡಿದ್ದೇವೆ. ಬಿತ್ತನೆಗೆ ಮುಂಚೆಯೇ ಒಂದಿಷ್ಟು ದುಡ್ಡು ಕೊಡುವುದು. ಆಮೇಲೆ ಹೊಲದಲ್ಲಿ ಏನು ಬಂದರೂ ಅದರಲ್ಲಿ ನಮ್ಮ ಪಾಲು ತೆಗೆದುಕೊಳ್ಳುವುದು. ಶನಿವಾರ ಬೆಳಗ್ಗೆ ಮೈಸೂರಿನ ಕುವೆಂಪುನಗರಕ್ಕೆ ಚೀಲ ಬರುತ್ತದೆ. ಒಳಗೆ ಏನಿದೆ ಅಂತ ಬಿಚ್ಚುವವರೆಗೂ ಗೊತ್ತಿರುವುದಿಲ್ಲ. ಬೆಳೆ ಚೆನ್ನಾಗಿ ಬಂದರೆ ಜಾಸ್ತಿ, ಮಳೆ ಹಿಡಿದುಕೊಂಡರೆ ಕಮ್ಮಿ. ಆ ಏರುಪೇರಿನಲ್ಲಿ ನಮಗೂ ಪಾಲಿದೆ ಅನ್ನುವುದೇ ನನಗೆ ತುಂಬಾ ಇಷ್ಟವಾಗಿದ್ದು.

ಬಂದದ್ದನ್ನೆಲ್ಲ ತಿನ್ನಬೇಕು, ಉಳಿದದ್ದನ್ನು ಬೇಸಿಗೆಗೆ ಎತ್ತಿಡಬೇಕು. ಸದ್ಯಕ್ಕೆ ನಾನು ಹಾಕಿಕೊಂಡ ಕೆಲಸ ಇಷ್ಟೇ.

ಚೀಲ ಬಂದ ಮೊದಲ ಒಂದು ಗಂಟೆಯಲ್ಲೇ ಇಡೀ ವಾರದ ಹಣೆಬರಹ ತೀರ್ಮಾನವಾಗುತ್ತದೆ. ಹಾಲ್‌ನಲ್ಲಿ ಪೇಪರ್ ಹಾಸಿ ಎಲ್ಲ ಸುರಿದುಕೊಳ್ಳುತ್ತೇನೆ. ಸೊಪ್ಪು ಒಂದು ಕಡೆ, ಅದಕ್ಕೆ ತಾಳ್ಮೆ ಇಲ್ಲ. ಬೀನ್ಸ್, ಗೋರಿಕಾಯಿ, ಬದನೆ ವಾರದ ನಡುವಿನವರೆಗೆ ಕಾಯುತ್ತವೆ. ಗೆಣಸು, ಕುಂಬಳ, ಈರುಳ್ಳಿಗೆ ಅವಸರವೇ ಇಲ್ಲ. ಮೂಲಂಗಿಯ ಎಲೆಯನ್ನು ಆಗಲೇ ಕತ್ತರಿಸಿ ಬೇರೆ ಮಾಡಬೇಕು. ಹಾಗೇ ಬಿಟ್ಟರೆ ಎಲೆ ಗಡ್ಡೆಯ ನೀರನ್ನು ಎಳೆದುಕೊಂಡು ಎರಡೇ ದಿನಕ್ಕೆ ಗಡ್ಡೆ ಮೆತ್ತಗಾಗುತ್ತದೆ. ಆ ಎಲೆ ಅವತ್ತೇ ಬೆಳ್ಳುಳ್ಳಿ ಒಗ್ಗರಣೆಯ ಪಲ್ಯ. ನವಿಲುಕೋಸಿನ ಎಳೆ ಎಲೆಯೂ ಹಾಗೇ.

ಸೊಪ್ಪನ್ನು ತೊಳೆದು ಫ್ರಿಜ್ಜಿಗಿಡುವುದಿಲ್ಲ. ಮಣ್ಣು ಒದರಿ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಡುತ್ತೇನೆ, ತೊಳೆಯುವುದು ಬಳಸುವಾಗ ಮಾತ್ರ. ಕೊತ್ತಂಬರಿಯ ವಿಷಯ ತೋಟದಾಕೆಯೇ ಹೇಳಿಕೊಟ್ಟದ್ದು: "ಬೇರು ಕತ್ತರಿಸ್ಬೇಡಿ ಕಣಕ್ಕ, ಲೋಟದಲ್ಲಿ ನೀರಾಕಿ ನಿಲ್ಸಿ." ಚೆನ್ನಾಗಿ ನಿಲ್ಲುತ್ತದೆ. ಮಾಗಿದ ಬಾಳೆಹಣ್ಣು, ಟೊಮ್ಯಾಟೊ ಮಾತ್ರ ಸೊಪ್ಪಿನ ಹತ್ತಿರ ಸುಳಿಯಬಾರದು. ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಮಾರ್ಗಶಿರ

ಸೊಪ್ಪಿನ ಸುಗ್ಗಿ. ದಂಟು, ಕೀರೆ, ಸಬ್ಬಸಿಗೆ, ಮೆಂತ್ಯ, ಒಂದೊಂದೂ ತೋಳು ತುಂಬುವಷ್ಟು. ಇಷ್ಟೊಂದು ಸೊಪ್ಪನ್ನು ಖರ್ಚು ಮಾಡಲು ಮಂಡ್ಯದವರ ಉಪ್ಸಾರಿಗಿಂತ ಒಳ್ಳೆಯ ದಾರಿ ಇಲ್ಲ. ಕಾಳು, ಸೊಪ್ಪು ಉಪ್ಪಿನಲ್ಲಿ ಬೇಯಿಸಿ ಕಟ್ಟು ಬಸಿದರೆ ಸಾರಾಯಿತು. ಬಸಿದ ಸೊಪ್ಪಿಗೆ ಕಾಯಿತುರಿ, ಒಗ್ಗರಣೆ ಹಾಕಿದರೆ ಪಲ್ಯವೂ ಆಯಿತು. ಪಕ್ಕದಲ್ಲಿ ಖಾರ, ತಟ್ಟೆಯಲ್ಲಿ ಬಿಸಿ ಮುದ್ದೆ. ಖಾರವನ್ನು ಮಾತ್ರ ಜಾಸ್ತಿ ಅರೆದು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದೇನೆ. ಅದಿದ್ದರೆ ಸಂಜೆ ತಡವಾಗಿ ಬಂದರೂ ಸೊಪ್ಪು ಬಾಡಲು ಬಿಡದೆ ಒಲೆ ಹಚ್ಚಬಹುದು.

ಈ ವಾರ ಬದನೆ ಬಂತು. ವಾಂಗಿಭಾತಿಗೆ ಅರ್ಧ, ಎಣ್ಣೆಗಾಯಿಗೆ ಅರ್ಧ. ಬದನೆ ಚಳಿ ತಡೆಯದ ಕಾಯಿ. ಮನೆಯ ಫ್ರಿಜ್ಜು ಹೆಚ್ಚುಕಮ್ಮಿ 4 ಡಿಗ್ರಿ ಇರುತ್ತದೆ, ಆದರೆ 10 ಡಿಗ್ರಿಗಿಂತ ಕೆಳಗೇ ಬದನೆಗೆ ತೊಂದರೆ ಶುರು. ಸಿಪ್ಪೆ ಮೇಲೆ ಕುಳಿ ಬೀಳುತ್ತದೆ, ಒಳಗಿನ ಬೀಜ ಕಪ್ಪಾಗುತ್ತದೆ. ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸುವುದು ವಾಸಿ. ಗೆಣಸಿಗೂ ಫ್ರಿಜ್ಜು ಆಗಿಬರದು. ತಣ್ಣಗಾದ ಗೆಣಸು ಎಷ್ಟು ಬೇಯಿಸಿದರೂ ನಡುವೆ ಗಟ್ಟಿಯಾಗೇ ಉಳಿಯುತ್ತದೆ.

ಧನುರ್ಮಾಸ, ಸಂಕ್ರಾಂತಿ

ಅವರೆಕಾಯಿ ಬಂತು! ಚೀಲದ ಬಾಯಿ ಬಿಚ್ಚುತ್ತಿದ್ದಂತೆ ಸೊಗಡು ಮನೆಯೆಲ್ಲ ಹರಡಿತು. ಸಿಪ್ಪೆ ಮೇಲೆ ಆ ಜಿಡ್ಡು, ಸುಲಿದ ಬೆರಳಿಗೆ ಅಂಟಿ ಸೋಪು ಹಾಕಿ ತೊಳೆದರೂ ವಾಸನೆ ಉಳಿಯುತ್ತದಲ್ಲ, ಅದು. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಅನ್ನುವುದು ತೋಟದವರ ಮಾತು. ಇವರದು ನಾಟಿ ಅವರೆ. ಹಗಲು ಗಿಡ್ಡವಾದ ಮೇಲೆಯೇ ಹೂ ಬಿಡುವ ತಳಿ, ಹಾಗಾಗಿ ಚಳಿಗಾಲದಲ್ಲಿ ಮಾತ್ರ ಕಾಯಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ, ಅಂದರೆ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಹಗಲಿನ ಲೆಕ್ಕವಿಲ್ಲ, ವರ್ಷವಿಡೀ ಬೆಳೆಯಬಹುದು. ಮಳೆಗಾಲದಲ್ಲೂ ಅವರೆ ಸಿಗುವುದು ಅದರಿಂದಲೇ, ಅನುಕೂಲವೇ. ಆದರೆ ನನ್ನ ನಾಲಿಗೆಗೆ ನಾಟಿಯದೇ ರುಚಿ. ವರ್ಷಕ್ಕೊಮ್ಮೆ ಬರುವ ಕಾಯಿಯನ್ನು ಕಾದು ತಿನ್ನುವ ಖುಷಿಯೂ ಬೇರೆ, ಅಲ್ವಾ?

ಹಿಸುಕಿದ ಬೇಳೆ ನಮ್ಮಲ್ಲಿ ಮನೆಮಂದಿಯ ಕೆಲಸ. ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಗ್ಗೆ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಟಕ್ಕನೆ ಹಾರುತ್ತದೆ. ಪಾತ್ರೆಯ ಬಾಯಿ ಕಡೆಗೆ ತಿರುಗಿಸಿ ಒತ್ತಬೇಕು, ಇಲ್ಲದಿದ್ದರೆ ಸೋಫಾ ಕೆಳಗೆ ಹುಡುಕಬೇಕಾಗುತ್ತದೆ. ಅಮ್ಮ ಟಿವಿ ನೋಡುತ್ತಲೇ ದೊಡ್ಡ ಪಾತ್ರೆ ತುಂಬಿಸುತ್ತಾರೆ. ಸಾರು ಅವತ್ತೇ, ಉಳಿದ ಬೇಳೆ ಮಾರನೆಯ ದಿನ ಉಪ್ಪಿಟ್ಟಿಗೆ.

ಎತ್ತಿಡುವುದಕ್ಕೆ ಇಡೀ ಕಾಳು. ಕುದಿಯುವ ನೀರಿಗೆ ಹಾಕಿ ಎರಡು ಮೂರು ನಿಮಿಷ, ತಕ್ಷಣ ತೆಗೆದು ಐಸ್ ನೀರಿಗೆ. ಕಾಳಿನೊಳಗಿನ ಕಿಣ್ವಗಳ ಕೆಲಸ ನಿಲ್ಲುವುದು ಆ ಬಿಸಿಯಿಂದ. ಹಸಿಯಾಗಿಯೇ ಫ್ರೀಜರಿಗೆ ಹಾಕಿದರೆ ಅವು ಮೆಲ್ಲಗೆ ಕೆಲಸ ಮಾಡುತ್ತಲೇ ಇದ್ದು ಬಣ್ಣ, ರುಚಿ ಎರಡೂ ಹೋಗುತ್ತವೆ. ಆಮೇಲೆ ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸಬೇಕು. ಮೊದಲು ತಟ್ಟೆಯಲ್ಲಿ ಒಂದೇ ಪದರವಾಗಿ ಫ್ರೀಜರಿಗೆ, ಗಟ್ಟಿಯಾದ ಮೇಲೆ ಕವರಿಗೆ. ಹಾಗೆ ಮಾಡಿದರೆ ಕಾಳು ಒಂದಕ್ಕೊಂದು ಅಂಟುವುದಿಲ್ಲ, ಬೇಕಾದಷ್ಟೇ ಹಿಡಿ ತೆಗೆಯಬಹುದು. ಆಹಾರ ಕೆಡದಂತೆ ಇಡುವ ವಿದ್ಯೆಗೆ ನಮ್ಮೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಅನ್ನುವ ದೊಡ್ಡ ಸಂಸ್ಥೆಯೇ ಇದೆ. ಈಗೀಗ ಆ ಕಾಂಪೌಂಡ್ ಪಕ್ಕ ಹೋಗುವಾಗ ಹೊಸ ಗೌರವ ಹುಟ್ಟುತ್ತಿದೆ.

ಸಂಕ್ರಾಂತಿ ಚೀಲದಲ್ಲಿ ಕಬ್ಬು, ಗೆಣಸು, ಕಡಲೆಕಾಯಿ, ಅವರೆಕಾಯಿ ಎಲ್ಲವೂ ಇತ್ತು. ಎತ್ತಿಡಲು ಏನೂ ಉಳಿಯಲಿಲ್ಲ. ಬೇಯಿಸಿ ಬೀದಿಯವರಿಗೂ ಹಂಚಿದೆವು.

ಮಾಘ

ಟೊಮ್ಯಾಟೊ, ಟೊಮ್ಯಾಟೊ, ಟೊಮ್ಯಾಟೊ. ಗೊಜ್ಜು ಕಾಯಿಸಿ ಎಣ್ಣೆ ಬಿಡುವವರೆಗೆ ಬಾಡಿಸಿ ಬಾಟಲಿಗೆ ತುಂಬಿದ್ದಾಯಿತು.

ಬೂದುಗುಂಬಳ ಎರಡು ಬಂದಿವೆ. ಮೈಮೇಲಿನ ಬಿಳಿ ಬೂದಿಯನ್ನು ಒರೆಸುವುದಿಲ್ಲ. ಅದು ಮೇಣದ ಪದರ, ಒಳಗಿನ ನೀರು ಆರದಂತೆ ತಡೆಯುತ್ತದೆ. ತೊಟ್ಟು ಮುರಿಯದೆ, ಗಾಯವಾಗದೆ ಇದ್ದರೆ ತಿಂಗಳುಗಟ್ಟಲೆ ಇರುತ್ತದೆ. ಒಂದನ್ನು ಸ್ಟೋರ್ ರೂಮಿನಲ್ಲಿ ತೂಗುಹಾಕಿದ್ದೇನೆ, ಇನ್ನೊಂದು ಬಿಸಿಲು ಬಲಿತ ಮೇಲೆ ಸಂಡಿಗೆಗೆ.

ಶಿವರಾತ್ರಿ ಹೊತ್ತಿಗೆ

ಚಳಿ ಶಿವ ಶಿವಾ ಅಂತ ಹೊರಟಿತು. ತಾರಸಿಯ ಬಿಸಿಲು ಈಗ ಒಣಗಿಸುವ ಕೆಲಸಕ್ಕೆ ಸರಿಯಾಗಿದೆ. ಮೊದಲು ಬಾಳಕ. ಹಸಿಮೆಣಸಿನಕಾಯಿಯನ್ನು ತೊಟ್ಟು ಬಿಡಿಸದೆ ಉದ್ದಕ್ಕೆ ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸಿದೆ. ಬೆಳಗ್ಗೆ ಮಜ್ಜಿಗೆಯಿಂದ ತೆಗೆದು ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆಯನ್ನೆಲ್ಲ ಕಾಯಿ ಕುಡಿಯುವವರೆಗೂ ಹೀಗೆ. ಹಸಿರು ಹೋಗಿ ಕೆನೆ ಬಣ್ಣ ಬಂದು, ಮುರಿದರೆ ಕಟಕ್ ಅನ್ನಬೇಕು. ಗೋರಿಕಾಯಿಯನ್ನು ಅರೆಬೇಯಿಸಿ ಇದೇ ಥರ ಹಾಕಿದ್ದೇನೆ. ಅದನ್ನು ಕರಿದು ಮೊಸರನ್ನದ ಜೊತೆ ಕೊಟ್ಟರೆ ನಮ್ಮ ಮನೆಯ ಮಕ್ಕಳಿಗೆ ಬೇರೇನೂ ಬೇಡ.

ಫ್ರೀಜರಿನಲ್ಲಿ ಅವರೆಕಾಳು ಯುಗಾದಿಯವರೆಗೂ ಸಾಕು. ಚೀಲ ಈಗ ಚಿಕ್ಕದಾಗುತ್ತಿದೆ. ಬೇಸಿಗೆಯಲ್ಲಿ ನಾಲೆ ನೀರು ಬಿಡುವುದು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಹಾಗಾಗಿ ತೋಟದವರು ಸೌತೆ, ಹೀರೆ, ಸೊಪ್ಪು ಅಷ್ಟನ್ನೇ ಹಾಕುತ್ತಾರೆ.

ಮುಂದಿನ ಪಾಲಿನ ದುಡ್ಡು ಕೊಟ್ಟಾಯಿತು. ನಾಟಿ ಅವರೆಯನ್ನು ಅವರು ಮಳೆಗಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಗೆ ಬಿಡುವ ಸಾಲಿನಲ್ಲಿ, ಬಿತ್ತುತ್ತಾರೆ. ಈ ಸಲ ನಮ್ಮ ಮನೆಗಳ ಲೆಕ್ಕಕ್ಕೆ ಇನ್ನೆರಡು ಸಾಲು ಜಾಸ್ತಿ ಹಾಕಿ, ಕೊನೆಯ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಡಿ ಅಂತ ಕೇಳಿಕೊಂಡಿದ್ದೇನೆ. "ಆಯ್ತು ಕಣಕ್ಕ, ಬಿಡಿಸೋಕೆ ನೀವೂ ಬರ್ಬೇಕು" ಅಂದಿದ್ದಾರೆ. ಹೋಗುತ್ತೇವೆ.