ಮುಧೋಳವೋ ರಾಜಪಾಳಯಮೋ: ನಮ್ಮ ಗಂಗಾವತಿ ಮನೆಯ ಲೆಕ್ಕ

ವಿದೇಶಿ ನಾಯಿ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ಗಂಗಾವತಿಯ ಏಪ್ರಿಲ್ ಬಿಸಿಲಿಗೆ ಹಸ್ಕಿ ತಂದು, ಅದಕ್ಕೊಂದು ಏಸಿ ಹಾಕಿಸಿ, ಕರೆಂಟ್ ಹೋದಾಗ ಬೀಸಣಿಗೆ ಹಿಡಿದು ಕೂರುವುದು ನಮ್ಮ ಕೈಲಾಗದ ಕೆಲಸ. ಉಳಿದದ್ದು ಎರಡು ಹೆಸರು. ನಮ್ಮ ಯಜಮಾನರಿಗೆ ಮುಧೋಳ ಬೇಕು, ಮೈದುನನಿಗೆ ರಾಜಪಾಳಯಂ ಬೇಕು. ಬೆಳಕು ಹರಿಯುವ ಮುಂಚೆ ಎದ್ದು ಓಡಾಡಿಸುವುದು, ಕೂತು ಉಣ್ಣಿ ಕೀಳುವುದು ಯಾರ ಪಾಲಿಗೆ ಬರುತ್ತೆ ಅಂತ ನನಗೆ ಗೊತ್ತಿತ್ತಲ್ವಾ, ಹಾಗಾಗಿ ಆರಿಸುವವಳು ನಾನೇ ಅಂದುಬಿಟ್ಟೆ.

ಎರಡೂ ನಮ್ಮ ಕಡೆಯ ನಾಯಿಗಳೇ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ನಾಯಿಗಳ ಸ್ಟಾಂಪ್ ತಂದಾಗ ಇವೆರಡೂ ಅದರಲ್ಲಿದ್ದವು. ಆದರೆ ಸ್ವಭಾವ ಬೇರೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಹಿಂದೆ ಬಿತ್ತು ಅಂತಲೇ. ಆಗ ನೀವು ಕೂಗಿದ್ದು ಅದರ ಕಿವಿಗೆ ಬೀಳಲ್ಲ. ತಮಿಳುನಾಡಿನ ವಿರುಧುನಗರ ಜಿಲ್ಲೆಯ ರಾಜಪಾಳಯಂ ಅದಕ್ಕಿಂತ ಮೈಕಟ್ಟಿನ ನಾಯಿ, ಹಾಲಿನಂಥ ಬಿಳುಪು, ಗುಲಾಬಿ ಮೂಗು. ಹಂದಿ ಬೇಟೆಗೂ ಹೊಲ ಮನೆ ಕಾಯುವುದಕ್ಕೂ ಸಾಕಿಕೊಂಡು ಬಂದದ್ದು. ಮನೆಯವರು ಅಂದರೆ ಪ್ರಾಣ, ಹೊರಗಿನವರು ಅಂದರೆ ಅನುಮಾನ.

ಈ ಅನುಮಾನದ ಹತ್ತಿರವೇ ನಾನು ನಿಂತೆ. ನಮ್ಮದು ಭತ್ತದ ವ್ಯಾಪಾರದ ಮನೆ. ಸುಗ್ಗಿಯಲ್ಲಿ ರೈತರು, ಹಮಾಲರು, ಲಾರಿ ಡ್ರೈವರ್‌ಗಳು, ರೇಟು ಕೇಳೋಕೆ ಬಂದವರು, ರೊಕ್ಕ ಕೇಳೋಕೆ ಬಂದವರು, ಹೀಗೆ ರಾತ್ರಿ ಹತ್ತಾದರೂ ಗೇಟು ಹಾಕಿದ್ದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ಚೆನ್ನಾಗಿ ನೀರು ಬಂದ ವರ್ಷ ಇಂಥ ಸುಗ್ಗಿ ಎರಡು ಸಲ. ಬಂದವರನ್ನೆಲ್ಲ ಕಳ್ಳರ ಹಾಗೆ ನೋಡುವ ನಾಯಿಯನ್ನು ಇಂಥ ಮನೆಯಲ್ಲಿ ಇಟ್ಟರೆ ಇಡೀ ದಿನ ಕಟ್ಟಿಯೇ ಹಾಕಬೇಕು. ಕಟ್ಟಿ ಹಾಕಿದ ಕಾವಲು ನಾಯಿ ದಿನದಿಂದ ದಿನಕ್ಕೆ ಸಿಡುಕಾಗುತ್ತೆ, ಒಂದು ದಿನ ಸರಪಳಿ ಬಿಚ್ಚಿಕೊಂಡರೆ ಮುಂದಿನದು ಊಹಿಸಿಕೊಳ್ಳಿ. ಊರ ಹೊರಗೆ ತೋಟದ ಮನೆ, ಸುತ್ತ ಬೇಲಿ, ಬರುವವರು ಅಪರೂಪ ಅನ್ನುವವರಿಗಾದರೆ ರಾಜಪಾಳಯಂ ತನ್ನಿ ಅಂತ ನಾನೇ ಹೇಳುತ್ತೇನೆ.

ಮೈದುನ ಸುಮ್ಮನಾಗಲಿಲ್ಲ. "ಅತ್ತಿಗೆ, ಮುಧೋಳ ಏನ್ ಕಾಯ್ತದ? ಓಡೋದೊಂದ ಗೊತ್ತು ಅದಕ್ಕ" ಅಂದ. ಮಾತು ಪೂರ್ತಿ ಸುಳ್ಳಲ್ಲ, ಕಾವಲಿಗೆ ರಾಜಪಾಳಯಮ್ಮೇ ಒಂದು ಕೈ ಮೇಲು. ಆದರೆ ನಮ್ಮ ಗೇಟಿನ ಹೊರಗೆ ಒಂದು ಕಂದು ಬೀದಿನಾಯಿ ತಾನಾಗೇ ಬಂದು ನೆಲೆಸಿದೆ. ಊಟ ನಮ್ಮದೇ. ಹೊಸಬರು ಬಂದರೆ ಬೊಗಳುತ್ತೆ, ಹಮಾಲರನ್ನು ಕಂಡರೆ ಬಾಲ ಅಲ್ಲಾಡಿಸುತ್ತೆ. ಬೊಗಳೋಕೆ ಅದೇ ಸಾಕು.

ರಾಜಪಾಳಯಮ್ಮಿಗೆ ಇನ್ನೂ ಎರಡು ತೊಡಕಿವೆ. ಆ ಬಿಳುಪಿನ ಜೊತೆಗೇ ಕೆಲವು ಮರಿಗಳಿಗೆ ಕಿವುಡು ಬರುತ್ತೆ. ಮೈಯಲ್ಲಿ ಬಣ್ಣದ ಅಂಶ ಕಡಿಮೆ ಇರುವುದೇ ಕಾರಣ. ಮರಿ ನೋಡಲು ಹೋದರೆ ಗುಂಪಿನಿಂದ ಬೇರೆ ಮಾಡಿ, ಅದಕ್ಕೆ ಕಾಣದ ಹಾಗೆ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಬೇಕು. ಗುಂಪಲ್ಲಿದ್ದರೆ ಗೊತ್ತಾಗಲ್ಲ, ಒಂದು ತಿರುಗಿದರೆ ಎಲ್ಲವೂ ತಿರುಗುತ್ತವೆ. ಎರಡನೆಯದು ಬಿಸಿಲು. ಬಿಳಿ ನಾಯಿಗೆ ಸೆಖೆ ಕಮ್ಮಿ ಅಂತ ನಮ್ಮ ಮನೆಯಲ್ಲೂ ವಾದ ಬಂತು. ಇರಬಹುದು, ಆದರೆ ಕೂದಲ ಕೆಳಗಿನ ಚರ್ಮ ಗುಲಾಬಿ, ಮೂಗು ಕಿವಿತುದಿ ಸುಡುತ್ತವೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದಕ್ಕೆ ಇಡೀ ದಿನ ನೆರಳು ಬೇಕೇ ಬೇಕು.

ಹಾಗಂತ ಮುಧೋಳ ಏನು ಸುಲಭದ್ದಲ್ಲ. ಅಪರಿಚಿತರು ಮುಟ್ಟಿದರೆ ಅದಕ್ಕೂ ಇಷ್ಟವಾಗಲ್ಲ, ಆದರೆ ಸಾಮಾನ್ಯವಾಗಿ ಮೈಮೇಲೆ ಹೋಗುವ ಬದಲು ದೂರ ಸರಿದು ನಿಲ್ಲುತ್ತೆ. ದಿನಾ ಬಿಚ್ಚಿ ಓಡಿಸಲೇಬೇಕು, ಓಡಿಸುವ ಜಾಗಕ್ಕೆ ಬೇಲಿಯೂ ಇರಬೇಕು. ಬೇಸಿಗೆಯಲ್ಲಿ ಆ ಓಟ ಸೂರ್ಯ ಏಳುವ ಮುಂಚೆ, ಇಲ್ಲಾ ಮುಳುಗಿದ ಮೇಲೆ. ಹೊಲದಲ್ಲಿ ಮೊಲ ಹಿಡಿಸಿ ವಿಡಿಯೊ ಹಾಕುವ ಹುಡುಗರ ಸಹವಾಸ ಬೇಡ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಎಲುಬು ಕಾಣುತ್ತೆ ಅಂತ ರೊಟ್ಟಿ ಮೇಲೆ ರೊಟ್ಟಿ ತಿನ್ನಿಸುವ ನೆಂಟರನ್ನೂ ತಡೆಯಬೇಕು, ಅದರ ಮೈಯೇ ಹಾಗೆ. ಜೋಳದ ರೊಟ್ಟಿ, ಹಾಲು ಇರಲಿ, ಮೊಟ್ಟೆ ಮಾಂಸ ಬಿಡಬೇಡಿ. ಮೈಯಲ್ಲಿ ಕೊಬ್ಬಿಲ್ಲದ ಕಾರಣ ಶಾಬಾದ್ ಕಲ್ಲಿನ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಚರ್ಮ ಗಟ್ಟಿಯಾಗುತ್ತೆ, ಹಳೇ ಕೌದಿ ಒಂದು ಅದಕ್ಕೇ ಅಂತ ತೆಗೆದಿಡಿ. ಇಂಥ ತೆಳ್ಳನೆ ಮೈಯ ಬೇಟೆ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯಲ್ಲ, ಆಪರೇಷನ್ ಮಾಡಿಸುವಾಗ ಇದು ಮುಧೋಳ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು.

ನಿಜವಾದ ತಕರಾರು ಬಂದದ್ದು ನಮ್ಮತ್ತೆಯಿಂದ. ಹಿತ್ತಲಲ್ಲಿ ಅವರ ಕೋಳಿಗಳಿವೆ. "ತರೋದಾದ್ರ ತರ್ರೆವ್ವಾ, ನನ್ನ ಕೋಳಿ ಲೆಕ್ಕ ಮಾತ್ರ ದಿನಾ ಸಂಜಿಗೆ ಒಪ್ಪಸಬೇಕು ನೋಡ್ರಿ" ಅಂದರು. ಚಿಕ್ಕಂದಿನಿಂದ ಜೊತೆಗೆ ಬೆಳೆಸಿದರೆ ಹೊಂದಿಕೊಳ್ಳುತ್ತೆ ಅಂತ ಹೇಳುವವರಿದ್ದಾರೆ. ನಾನು ನಂಬಲ್ಲ. ಕೋಳಿ ಪಟಪಟ ಅಂತ ಓಡಿದ ಕ್ಷಣ ಬೇಟೆ ನಾಯಿಗೆ ಬೆಳೆಸಿದ್ದೆಲ್ಲ ಮರೆತುಹೋಗುತ್ತೆ. ರಾಜಪಾಳಯಂ ತಂದಿದ್ದರೂ ಇದೇ ಕಥೆ. ಅದಕ್ಕೆ ಹಿತ್ತಲಿಗೆ ಆಳೆತ್ತರದ ಜಾಲರಿ, ಕೋಳಿಗೂಡು ಅದರ ಆಚೆ.

ಮರಿಯ ವಿಷಯ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಮಗೆ ಕುಷ್ಟಗಿ, ಇಳಕಲ್, ಬಾಗಲಕೋಟೆ ದಾರಿ, ಹೋಗಿ ತಾಯಿ ನಾಯಿ ನೋಡಿ ಬರಬಹುದು. ರಾಜಪಾಳಯಮ್ಮಿಗೆ ಅಷ್ಟು ದೂರ ಯಾರು ಹೋಗ್ತಾರೆ, ವಾಟ್ಸ್ಯಾಪಿನಲ್ಲಿ ಬಂದ ಬಿಳಿ ಮರಿಯ ಫೋಟೊ ನಂಬಿ ದುಡ್ಡು ಹಾಕಬೇಕು. ಯಾವುದೇ ಮರಿಯಾಗಲಿ, ಎಂಟು ವಾರ ತುಂಬುವ ಮುಂಚೆ ಮಾರುವುದು ನಾಯಿ ತಳಿ ಸಾಕಣೆ, ಮಾರಾಟದ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2017ರ ನಿಯಮದ ಪ್ರಕಾರ ತಪ್ಪು. ತಿಂಗಳ ಮರಿಯನ್ನು ಬುಟ್ಟಿಯಲ್ಲಿ ಹಾಕಿ ಬಸ್ಸಿಗೆ ಕಳಿಸುತ್ತೇವೆ ಅನ್ನುವವರ ಫೋನು ಅಲ್ಲೇ ಇಟ್ಟುಬಿಡಿ.

ಕೊನೆಗೆ ಮುಧೋಳವೇ, ಹೆಣ್ಣು ಮರಿ ಅಂತ ಮಾತಾಗಿದೆ. ಜಾಲರಿ ಕೆಲಸ ಇನ್ನೂ ಅರ್ಧ ಬಾಕಿ, ವೆಲ್ಡರ್ ಸೋಮವಾರ ಬರ್ತೀನಿ ಅಂದಿದ್ದಾನೆ. ಅಲ್ಲಿವರೆಗೆ ಮರಿ ತರುವ ಹಾಗಿಲ್ಲ, ಅತ್ತೆಯ ಅಪ್ಪಣೆ.