ಆರ್‌ಪಿಎಂ ಮುಟ್ಟುವ ಮೊದಲು ಬಾಟಲಿ ನೋಡಿ

ನಮ್ಮದು ಪಾಲಿಮರ್ ದ್ರಾವಣವನ್ನು ಜೋರಾಗಿ ತಿರುಗಿಸಿ ತೆಳು ಎಳೆ ತೆಗೆಯುವ, ಅಂದರೆ ಸೆಂಟ್ರಿಫ್ಯೂಗಲ್ ಸ್ಪಿನ್ನಿಂಗ್ ಮಾಡುವ ಲ್ಯಾಬ್. ಇಲ್ಲಿಗೆ ಹೊಸದಾಗಿ ಸೇರಿದವರು, ಎಳೆ ಸರಿಯಾಗಿ ಬರದಿದ್ದರೆ ಮೊದಲು ಕೈ ಹಾಕುವುದು ವೇಗದ (ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು) ನಾಬ್‌ಗೆ. ಸಹಜವೇ ಬಿಡಿ. ಈ ಯಂತ್ರದಲ್ಲಿ ಕಣ್ಣಿಗೆ ಕಾಣುವ ಕೆಲಸವೆಂದರೆ ತಿರುಗುವುದೊಂದೇ. ಪಾಲಿಮರ್ ದ್ರಾವಣ ತುಂಬಿದ ಸ್ಪಿನ್ನರೆಟ್ ಎಂಬ ಪಾತ್ರೆ ಗಿರಗಿರ ಸುತ್ತುತ್ತದೆ. ಪಕ್ಕದ ಸಣ್ಣ ತೂತುಗಳಿಂದ ದ್ರಾವಣ ಚಿಮ್ಮುತ್ತದೆ. ಹಾರುವ ದಾರಿಯಲ್ಲೇ ಹಿಗ್ಗಿ, ಸಾಲ್ವೆಂಟ್ (ಪಾಲಿಮರ್ ಕರಗಿಸಿದ ದ್ರವ) ಆರಿ, ಸುತ್ತ ನಿಲ್ಲಿಸಿದ ಕಡ್ಡಿಗಳ ಮೇಲೆ ಕೂದಲಿಗಿಂತ ಹತ್ತಾರು ಪಟ್ಟು ತೆಳುವಾದ ಎಳೆಗಳ ಜಾಲ ಕೂರುತ್ತದೆ.

ಬಲವೂ ಕಡಿಮೆಯೇನಲ್ಲ. ತೂತು ಮಧ್ಯದಿಂದ 3 ಸೆಂ.ಮೀ. ದೂರದಲ್ಲಿದ್ದು ವೇಗ 5000 ಆರ್‌ಪಿಎಂ ಇದ್ದರೆ, ಅಲ್ಲಿನ ದ್ರಾವಣದ ಮೇಲೆ ಗುರುತ್ವಕ್ಕಿಂತ 800 ಪಟ್ಟಿಗೂ ಹೆಚ್ಚಿನ ಸೆಳೆತ ಇರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆದರೆ ಬಲಕ್ಕೆ ಎಳೆಯುವುದಷ್ಟೇ ಗೊತ್ತು. ಎಳೆದದ್ದು ಎಳೆಯಾಗಿ ಉಳಿಯುತ್ತದೋ, ಹನಿಯಾಗಿ ಒಡೆಯುತ್ತದೋ ಅನ್ನುವುದು ಬಹುಪಾಲು ದ್ರಾವಣ ಬೆರೆಸಿದ ಬಾಟಲಿಯಲ್ಲೇ ನಿರ್ಧಾರವಾಗಿರುತ್ತದೆ.

ವಿದ್ಯುತ್ ಬಲದಿಂದ ಎಳೆ ತೆಗೆಯುವ ಎಲೆಕ್ಟ್ರೋಸ್ಪಿನ್ನಿಂಗ್‌ನಿಂದ ಬಂದವರಿಗೆ ಇಲ್ಲಿ ದೊಡ್ಡ ನಿರಾಳ. ಅಲ್ಲಿನ ಹಾಗೆ ಸಾವಿರಾರು ವೋಲ್ಟ್ ಬೇಡ. ದ್ರಾವಣದಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವ ಚಿಂತೆಯೂ ಇಲ್ಲ. ಕಾರ್ಬನ್ ನ್ಯಾನೊಟ್ಯೂಬ್ ಹಾಕಿದರೂ ಸರಿ, ಸಿಲಿಕಾ ಹಾಕಿದರೂ ಸರಿ. ಈ ಸಲುಗೆಯೇ ಕಾಂಪೋಸಿಟ್ (ಪಾಲಿಮರ್‌ಗೆ ಬೇರೆ ಕಣ ಬೆರೆಸಿದ ಎಳೆ) ಕೆಲಸದಲ್ಲಿ ಜನರನ್ನು ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಅನುಭವ.

ಬರೀ ಪಾಲಿಮರ್ ಇದ್ದಾಗ ಲೆಕ್ಕ ಸುಲಭ. ಪ್ರಮಾಣ ಹೆಚ್ಚಿಸಿದರೆ ದ್ರಾವಣ ಮಂದವಾಗುತ್ತದೆ, ಉದ್ದನೆಯ ಅಣು ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುವುದೂ ಹೆಚ್ಚುತ್ತದೆ. ಎರಡೂ ಜೊತೆಜೊತೆಗೇ ಏರುವುದರಿಂದ ವಿಸ್ಕಾಸಿಟಿಯ (ಮಂದತನದ) ಒಂದು ಅಂಕಿ ನೋಡಿದರೆ ಸಾಕಾಗುತ್ತದೆ. ನ್ಯಾನೊ ಕಣ ಸೇರಿಸಿದ ಕೂಡಲೇ ಈ ಜೋಡಿ ಮುರಿಯುತ್ತದೆ. ಸಿಲಿಕಾ ಪುಡಿ ದ್ರಾವಣವನ್ನು ಚೆನ್ನಾಗಿ ಮಂದ ಮಾಡುತ್ತದೆ, ಆದರೆ ಸರಪಳಿಗಳ ಹೆಣಿಗೆಯನ್ನು ಅಷ್ಟೇ ಹೆಚ್ಚಿಸುವುದಿಲ್ಲ. "ಮಂದವಾಯ್ತಲ್ಲ" ಎಂದು ಪಾಲಿಮರ್ ಕಡಿಮೆ ಮಾಡಿದರೆ ಮುಗಿಯಿತು. ವಿಸ್ಕಾಸಿಟಿ ಮೀಟರ್‌ನಲ್ಲಿ ಅದೇ ಹಳೆಯ ಅಂಕಿ, ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ಎಳೆಯುದ್ದಕ್ಕೂ ಮಣಿ. ತೂತಿನಿಂದ ಚಿಮ್ಮಿದ ಜೆಟ್ ತೆಳುವಾದಂತೆ ಮೇಲ್ಮೈ ಸೆಳೆತ ಅದನ್ನು ಹನಿಗಳಾಗಿ ಮುದುಡಿಸಲು ನೋಡುತ್ತದೆ. ಅದನ್ನು ತಡೆಯುವುದು ಹೆಣೆದುಕೊಂಡ ಸರಪಳಿಗಳ ಹಿಗ್ಗುವ ಗುಣ. ಬರೀ ಮಂದತನ ಆ ಒಡೆಯುವಿಕೆಯನ್ನು ಸ್ವಲ್ಪ ತಡ ಮಾಡಬಹುದು, ಅಷ್ಟೇ.

ಹಾಗಾಗಿ ನಾನು ಮೀಟರ್‌ಗಿಂತ ಗಾಜಿನ ಕಡ್ಡಿಯನ್ನು ಜಾಸ್ತಿ ನಂಬುತ್ತೇನೆ. ಕಡ್ಡಿ ಅದ್ದಿ ಮೇಲೆತ್ತಿ. ದ್ರಾವಣ ದಾರದ ಹಾಗೆ ಹಿಗ್ಗುತ್ತಾ ಬರುತ್ತದೋ, ಇಲ್ಲ ದಪ್ಪಗಿದ್ದರೂ ಪಟ್ ಎಂದು ತುಂಡಾಗುತ್ತದೋ ನೋಡಿ. ಇದಕ್ಕೆ ಯಾರೂ ಪ್ರಬಂಧದಲ್ಲಿ ಜಾಗ ಕೊಡುವುದಿಲ್ಲ. ಆದರೆ ಅರ್ಧ ದಿನ ಉಳಿಸುತ್ತದೆ.

ಇನ್ನೊಂದು, ಬೆರೆಸುವ ಕ್ರಮ. ಎಲ್ಲವನ್ನೂ ಒಟ್ಟಿಗೆ ಹಾಕಿ ಪ್ರೋಬ್ ಸೊನಿಕೇಟರ್ (ಅಲ್ಟ್ರಾಸೌಂಡ್‌ನಿಂದ ಕಣ ಬಿಡಿಸುವ ಸಾಧನ) ಇಳಿಸುವುದು ಸುಲಭದ ದಾರಿ. ಕಣಗಳೇನೋ ಬಿಡಿಯಾಗುತ್ತವೆ. ಜೊತೆಗೆ ಪಾಲಿಮರ್ ಸರಪಳಿಗಳೂ ತುಂಡಾಗುತ್ತವೆ, ಅದರಲ್ಲೂ ನಮಗೆ ಬೇಕಾದ ಉದ್ದನೆಯವೇ ಮೊದಲು. ಕಣಗಳನ್ನು ಸಾಲ್ವೆಂಟ್‌ನಲ್ಲಿ ಮೊದಲು ಬಿಡಿಸಿಕೊಳ್ಳಬೇಕು, ಬಾಟಲಿ ಐಸ್‌ನಲ್ಲಿರಲಿ. ಆಮೇಲೆ ಪಾಲಿಮರ್ ಹಾಕಿ ನಿಧಾನಕ್ಕೆ ಕಲಕಬೇಕು. ರಾತ್ರಿಯಿಡೀ ಬೇಕಾದರೆ ರಾತ್ರಿಯಿಡೀ. ಇಲ್ಲಿ ಆತುರ ಮಾಡಿದವರು ಮರುದಿನ ನಾಬ್ ತಿರುಗಿಸುತ್ತಾ ನಿಂತಿರುತ್ತಾರೆ.

ಗಾಳಿಯ ತೇವ, ಕಡ್ಡಿಗಳ ದೂರ, ಇವೂ ಮುಖ್ಯವೇ. ಡಿಎಂಎಫ್ ಎಂಬ ಸಾಲ್ವೆಂಟ್ ಬಳಸುವಾಗ ಹೊಗೆ ಹೀರುವ ಹುಡ್ ಇಲ್ಲದೆ ಯಂತ್ರ ಶುರು ಮಾಡಬೇಡಿ, ಅದು ಲಿವರ್‌ಗೆ ಕೆಟ್ಟದ್ದು. ಸ್ಪಿನ್ನರೆಟ್‌ನ ಎರಡೂ ಬದಿಗೆ ಸಮನಾಗಿ ತುಂಬಿ, ಇಲ್ಲದಿದ್ದರೆ ಯಂತ್ರ ನಡುಗುತ್ತದೆ.

ಹೆಚ್ಚಿನವರು ಮರೆಯುವ ಸಂಗತಿ ಬೇರೆಯೇ ಇದೆ. ಸ್ಪಿನ್ನರೆಟ್ ಕೂಡ ಒಂದು ಸೆಂಟ್ರಿಫ್ಯೂಜ್ ಅಲ್ವಾ? ಎಳೆ ತೆಗೆಯುವಾಗಲೇ ಅದು ಒಳಗಿನ ಭಾರದ ಕಣಗಳನ್ನು ಹೊರಗೋಡೆಯ ಕಡೆಗೆ, ಅಂದರೆ ತೂತಿನ ಬಳಿಗೇ ತಳ್ಳುತ್ತಿರುತ್ತದೆ. ಕಣ ಎಷ್ಟು ಬೇಗ ಸರಿಯುತ್ತದೆ ಅನ್ನುವುದು ಅದರ ಅಗಲದ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಇರುತ್ತದೆ. 100 ನ್ಯಾನೊಮೀಟರ್‌ನ ಬಿಡಿ ಕಣ ಮಂದ ದ್ರಾವಣದಲ್ಲಿ ಇದ್ದಲ್ಲೇ ಇರುತ್ತದೆ ಎನ್ನಬಹುದು. ಅವೇ ಕಣಗಳು ಅಂಟಿಕೊಂಡು 5 ಮೈಕ್ರಾನ್‌ನ, ಅಂದರೆ 50 ಪಟ್ಟು ಅಗಲದ, ಗಂಟಾದರೆ ಸುಮಾರು 2500 ಪಟ್ಟು ಬೇಗ ಸರಿಯುತ್ತವೆ. ಆಗ ವೇಗ ಹೆಚ್ಚಿಸಿದಷ್ಟೂ ಗಂಟುಗಳು ಬೇಗ ಬಂದು ತೂತು ಕಟ್ಟುತ್ತವೆ.

ಅದಕ್ಕೆ ಒಂದೇ ಲೋಡ್‌ನ ಮೊದಲ ಎಳೆಗಳನ್ನೂ ಕೊನೆಯ ಎಳೆಗಳನ್ನೂ ಬೇರೆ ಬೇರೆ ತೆಗೆದಿಟ್ಟು ಟಿಜಿಎ (ಕಾಯಿಸುತ್ತಾ ತೂಕ ಎಷ್ಟು ಇಳಿಯಿತೆಂದು ಅಳೆಯುವ ಪರೀಕ್ಷೆ) ಮಾಡಿಸುತ್ತೇನೆ. ಗಾಳಿಯಲ್ಲಿ ಕಾಯಿಸಿದಾಗ ಪಾಲಿಮರ್ ಉರಿದುಹೋಗಿ ಸಿಲಿಕಾ ಉಳಿಯುತ್ತದೆ. ಎರಡರಲ್ಲೂ ಉಳಿದ ತೂಕದ ಶೇಕಡಾ ಒಂದೇ ಆಗಿದ್ದರೆ ಮಾತ್ರ ಆ ಬ್ಯಾಚ್ ಮುಂದಿನ ಟೇಬಲ್‌ಗೆ ಹೋಗುತ್ತದೆ.